ನಮ್ಮ ಮನೆಯ ಫ್ರೆಂಚ್ ಮಂತ್ರಿಮಂಡಲ

ಮಾನ್ವಿ, ಅದ್ವೈತ್, ನಿಮ್ಮ ಚಿಕ್ಕಜ್ಜ ಫ್ರಾನ್ಸ್ ದೇಶದ ಮಂತ್ರಿಮಂಡಲದಲ್ಲಿದ್ದಾನೆ ಎಂದರೆ ನಂಬುತ್ತೀರಾ? ನಂಬಲೇಬೇಕು! ಅಬುಧಾಬಿಯ ಡ್ರೈವರ್ ಕೆಲಸ ಅವನಿಗೆ ಬರೀ ಹೊಟ್ಟೆಪಾಡು. ನಾಲ್ಕು ಜನರ ಎದುರು ಬಾಯಿ ಬಿಡದ ನಿಮ್ಮ ಅಜ್ಜಿ ಹೀಗೆ ಹಾಳೆ ತುಂಬಿಸುತ್ತಿರುವುದೂ ಅದೇ ಮಂತ್ರಿಮಂಡಲದ ಆದೇಶದಿಂದ.

ನನ್ನ ಈ ಮೈದುನ ಒಮ್ಮೆ ಫ್ರಾನ್ಸಿನ ಕೃಷಿಮಂತ್ರಿಯೊಬ್ಬರನ್ನು ಒಂದು ದಿನ ಕಾರಿನಲ್ಲಿ ಸುತ್ತಾಡಿಸಿದ. ಅವರ ಹೆಸರನ್ನು ಅರ್ಧ ಬಾಯಲ್ಲಿ, ಅರ್ಧ ಮೂಗಿನಲ್ಲಿ ಹೇಳಬೇಕಂತೆ. ನನಗೆ ನೆಗಡಿಯಾದಾಗ ಮಾತ್ರ ಸರಿಯಾಗಿ ಬರುತ್ತದೆ. ಮಂತ್ರಿಗಳು ದಾರಿಯುದ್ದಕ್ಕೂ ಫೋನಿನಲ್ಲಿ ಕೂಗಾಡುತ್ತಿದ್ದರು. ಎಲ್ಲೋ ಯುದ್ಧವೇ ಶುರುವಾಯಿತೆಂದು ಇವನು ಹೆದರಿ ಕೇಳಿದರೆ, ಜೊತೆಗಿದ್ದ ದುಭಾಷಿ ನಕ್ಕರಂತೆ. ಮಂತ್ರಿಗಳು ತಮ್ಮ ಊರಿನ ಪಂಚಾಯ್ತಿ ಅಧ್ಯಕ್ಷರೂ ಹೌದು, ಅಲ್ಲಿ ಶಾಲೆಯ ಎದುರಿನ ಬೀದಿದೀಪ ಕೆಟ್ಟಿದೆ!

"ನೋಡಿ ಅತ್ತಿಗೆ, ದೇಶ ಆಳಿದರೂ ಊರಿನ ಬಲ್ಬು ಮರೀಲಿಲ್ಲ. ಮನುಷ್ಯ ಅಂದ್ರೆ ಅದು ಮಾರಾಯ್ರೆ!"

ಅಂದಿನಿಂದ ಅವರ ಖಾತೆಯೇ ಇವನ ಖಾತೆ. ವಾರದ ರಜೆಯ ದಿನ ಊರಾಚೆಯ ಮುಸಫ್ಫಾದ ಕಂಪನಿ ರೂಮಿನಿಂದ ಅಬುಧಾಬಿಯಲ್ಲೇ ಇದ್ದ ನಮ್ಮ ಮನೆಗೆ ಬಂದವನೇ ಬಾಲ್ಕನಿ ತುಂಬ ಬಕೆಟ್ಟುಗಳನ್ನಿಟ್ಟು ಬಸಳೆ ನೆಟ್ಟ. ಬಸಳೆಗೆ ಗಡಿ ಗೊತ್ತೇ? ಮೇಲಿನ ಮನೆಯ ಬಾಲ್ಕನಿಗೆ ಹತ್ತಿ, ಅಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ತಬ್ಬಿಕೊಂಡಿತು. ಕಟ್ಟಡದ ವಾಚ್‌ಮನ್ ಬಂದು "ಖಲಾಸ್! ಸಬ್ ನಿಕಾಲೋ!" ಎಂದು ಕಿರುಚಿದ.

"ಇದು ಗಡಿ ವಿವಾದ ಅತ್ತಿಗೆ. ನಮ್ಮ ಖಾತೆಗೆ ಬರುವುದಿಲ್ಲ," ಎಂದು ಇವನು ಚಹಾ ಹೀರುತ್ತ ಕುಳಿತ.

ದೇವರ ದಯೆ, ಅದೇ ತಿಂಗಳು ಮಂತ್ರಿಗಳಿಗೆ ವಿದೇಶಾಂಗ ಖಾತೆ ಸಿಕ್ಕಿತು! ಇವನು ಬಸಳೆ ಸಾಂಬಾರಿನ ಪಾತ್ರೆ ಹಿಡಿದು ಮೇಲಿನ ಮನೆಯ ಸಿರಿಯಾದ ಹೆಂಗಸಿನ ಬಾಗಿಲು ತಟ್ಟಿದ. ಅದೇ ಪಾತ್ರೆಯಲ್ಲಿ ಖರ್ಜೂರ ತುಂಬಿಸಿಕೊಂಡು ಇಳಿದು ಬಂದ. ಬಸಳೆ ಉಳಿಯಿತು.

ಆರೋಗ್ಯ ಖಾತೆ ಬಂದಾಗ ಮಾತ್ರ ಮನೆಯಲ್ಲಿ ದಂಗೆ. ಸಕ್ಕರೆ ಡಬ್ಬಿ ಮುಟ್ಟುಗೋಲು!

"ಎಂತದಾ ಇದು, ನನ್ನ ಚಹಾ?" ನಿಮ್ಮಜ್ಜ ಗುಡುಗಿದರು.

"ಸರ್ಕಾರದ ಆದೇಶ ಅಣ್ಣ."

"ನಿನ್ನ ಸರ್ಕಾರ ನಾಳೆಯೇ ಬೀಳಲಿ!"

ಬೀಳಲಿಲ್ಲ. ಅಜ್ಜ ಸಪ್ಪೆ ಚಹಾ ಕುಡಿದು, ನನ್ನ ಕಡೆ ಕದ್ದು ನೋಡಿ ನಗುತ್ತಿದ್ದರು.

ಅವರು ತೀರಿಹೋದಾಗ ಅದ್ವೈತ್ ಇನ್ನೂ ಅಂಬೆಗಾಲಿಡುತ್ತಿದ್ದ. ಮೊದಲೇ ನನ್ನದು ಮಾತು ಕಡಿಮೆ. ಆಮೇಲೆ ನಿಂತೇ ಹೋಯಿತು. ದೊಡ್ಡವನಾದ ಮೇಲೆ ಅದ್ವೈತ್ "ಅಜ್ಜ ಹೇಗೆ ನಗ್ತಿದ್ರು?" ಎಂದು ಕೇಳಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಒಂದು ಭಾನುವಾರ ಚಿಕ್ಕಜ್ಜ ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟ.

"ಸಂಸ್ಕೃತಿ ಖಾತೆ ಬಂತು ಅತ್ತಿಗೆ. ಅಣ್ಣನ ವಿಷಯ ಬರೀರಿ. ವಾರಕ್ಕೊಂದು ಪುಟ."

"ಹಳ್ಳಿ ಶಾಲೆಯ ಏಳನೇ ಕ್ಲಾಸು ನಾನು. ನನಗೆಂತ ಬರೀಲಿಕ್ಕೆ ಬರ್ತದೆ?"

"ಸರ್ಕಾರದ ಆದೇಶ!"

ಎಷ್ಟೋ ಕಾಲದ ಮೇಲೆ ನಗು ಬಂತು. ಬರೆದೆ.

ಮೊನ್ನೆ ಮಾನ್ವಿ, ನೀನು ಮೊಬೈಲಿನಲ್ಲಿ ಆ ಮಂತ್ರಿಗಳನ್ನು ಹುಡುಕಿ "ಅಜ್ಜೀ, ಹೀ ರಿಟೈರ್ಡ್ ಲಾಂಗ್ ಅಗೋ! ವಿದೇಶಾಂಗವೇ ಲಾಸ್ಟ್!" ಎಂದೆ. ಅವರಿಗೆ ಆರೋಗ್ಯ ಖಾತೆಯೂ ಬಂದಿರಲಿಲ್ಲ, ಸಂಸ್ಕೃತಿಯೂ ಬಂದಿರಲಿಲ್ಲ. ನನಗೆ ಆ ಸಕ್ಕರೆ ಡಬ್ಬಿ ನೆನಪಾಯಿತು. ನಿಮ್ಮಜ್ಜನ ರಕ್ತಪರೀಕ್ಷೆಯ ವರದಿ ಬಂದದ್ದು ಅದು ಮುಟ್ಟುಗೋಲಾಗುವ ಹಿಂದಿನ ಗುರುವಾರ.

ನಮಗೆ ಇದು ಗೊತ್ತಾಯಿತೆಂದು ಚಿಕ್ಕಜ್ಜನಿಗೆ ಹೇಳಬೇಡಿ. ನಿನ್ನೆ ಬಂದು, "ಪುಟ ಎಷ್ಟಾಯ್ತು ಅಂತ ಮಂತ್ರಿಗಳು ಕೇಳ್ತಿದ್ದಾರೆ," ಎಂದ. "ಇನ್ನೂ ತುಂಬ ಬರೆಯಲಿಕ್ಕುಂಟು ಅಂತ ಹೇಳು," ಎಂದೆ.

ಅದ್ವೈತ್, ಅಜ್ಜ ನಗುವಾಗ ಎಡಗಣ್ಣು ಮೊದಲು ಮುಚ್ಚುತ್ತಿತ್ತು. ಮೂರನೇ ಪುಟದಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಸರ್ಕಾರದ ಕಡತ ಇವು.