ಮೂರು ಬ್ಯಾಂಡು, ಒಂದು ಮೊಳೆ

ಗಿಟಾರು ಹಿಡಿದವನ ಬದುಕಿನಲ್ಲಿ ನಗಬೇಕೋ ಬೆರಗಾಗಬೇಕೋ ತಿಳಿಯದಂಥವು ಆಗುತ್ತಲೇ ಇರುತ್ತವೆ. ತಡೆಯಲು ಹೋದರೆ ಇನ್ನೆರಡು ಹೆಚ್ಚಾಗುತ್ತವೆ. ಹಾಗಾಗಿ ತಡೆಯುವುದನ್ನು ಬಿಟ್ಟು, ಬಾಯಿ ಬಿಟ್ಟುಕೊಂಡು ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ದಾವಣಗೆರೆಯಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಮಲೆಬೆನ್ನೂರು ಕಡೆಯ ಗದ್ದೆಗಳಿಂದ ಸುಟ್ಟುಹೋದ ಪಂಪಿನ ಮೋಟರುಗಳು ಬರುತ್ತವೆ. ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇನೆ. ಅಷ್ಟು ಮಾಡಿದ ಕೈ ಸಂಜೆ ಇನ್ನೊಂದು ಬಗೆಯ ತಂತಿ ಕೇಳುತ್ತದೆ. ಅದರ ಫಲವಾಗಿ ಮೂರು ಬ್ಯಾಂಡು: ದಾವಣಗೆರೆಯ ಒಂದು ಆರ್ಕೆಸ್ಟ್ರಾ, ಹರಿಹರದ ಒಂದು ಭಜನಾ ಮಂಡಳಿ, ಹಲ್ಲಿನ ಡಾಕ್ಟರಿಕೆ ಓದುವ ನಾಲ್ವರ ರಾಕ್ ಬ್ಯಾಂಡು. ಮಂಡಳಿಯನ್ನು ಬ್ಯಾಂಡು ಅಂದರೆ ಹಿರಿಯರಿಗೆ ಬೇಜಾರು, ಬ್ಯಾಂಡನ್ನು ಮಂಡಳಿ ಅಂದರೆ ಡಾಕ್ಟರುಗಳಿಗೆ ಬೇಜಾರು.

ಕಳೆದ ಚಳಿಗಾಲದಲ್ಲಿ ಎರಡನೇ ಕ್ಲಾಸಿನ ಮಗಳು ‘ನನ್ನ ಕುಟುಂಬ’ ಅಂತ ಚಿತ್ರ ಬರೆದು ತಂದಳು. ಅಮ್ಮ ಇದ್ದಳು, ಅಜ್ಜಿ ಇದ್ದರು, ಅವಳಿದ್ದಳು, ಪಕ್ಕದ ಮನೆ ಬೆಕ್ಕೂ ಇತ್ತು. ಗೋಡೆಯ ಮೇಲೆ ಒಂದು ಮೊಳೆ. ನಾನೆಲ್ಲಿ ಅಂತ ಕೇಳಿದೆ.

“ಮೊಳೆ ಖಾಲಿ ಐತಲ್ಲಪ್ಪ, ನೀನು ಬ್ಯಾಂಡಿಗೆ ಹೋಗಿದೀಯ” ಅಂದಳು.

ನಾನು ಗಿಟಾರು ನೇತುಹಾಕುವ ಮೊಳೆ ಅದು. ನಗು ಬಂತು, ಅರ್ಧಕ್ಕೇ ನಿಂತಿತು. ಹೆಂಡತಿ ಮಾತ್ರ ನಗಲೇ ಇಲ್ಲ. ಅವಳು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಅಳತೆ ಹೇಳುವ ದನಿಯಲ್ಲಿ, “ಯುಗಾದಿಯೊಳಗೆ ಒಂದು ಇಟ್ಕೊಳ್ರಿ, ಎರಡು ಬಿಡ್ರಿ. ಯಾವುದು ಅಂತ ನೀವೇ ನೋಡ್ರಿ” ಅಂದಳು.

ನ್ಯಾಯವಾದ ಮಾತು. ಆದರೆ ಯಾವುದನ್ನು ಬಿಡೋಣ ಅಂತ ಮೂರನ್ನೂ ಸರಿಯಾಗಿ ನೋಡತೊಡಗಿದೆನಲ್ಲ, ಕಷ್ಟ ಶುರುವಾದದ್ದೇ ಅಲ್ಲಿ.

ಯಂತ್ರದ ಪರೀಕ್ಷೆ

ಮೊದಲು ಬಿಡಬೇಕು ಅಂದುಕೊಂಡದ್ದು ಭಜನಾ ಮಂಡಳಿಯನ್ನು. ಅದರ ಯಜಮಾನರು ಕೊಕ್ಕನೂರಿನ ರೈತರು. ಸೋಮವಾರ ಸಂಜೆ ಗದ್ದೆಯಿಂದ ನೆಟ್ಟಗೆ ಹರಿಹರದ ಬಸ್ಸು ಹತ್ತಿ ಬಂದು, ಕಾಲು ತೊಳೆದು ಹಾರ್ಮೋನಿಯಂ ಮುಂದೆ ಕೂತುಬಿಡುತ್ತಾರೆ. ನನಗೆ ಅವರ ಸಂಗೀತದ ಬಗ್ಗೆ ಗೌರವವಿತ್ತು. ನನ್ನ ಸಾಮಾನಿನ ಬಗ್ಗೆ ಇನ್ನೂ ಸ್ವಲ್ಪ ಹೆಚ್ಚಿತ್ತು.

ಒಂದು ಸೋಮವಾರ ಗಿಟಾರಿನ ತುದಿಗೆ ಹೊಸ ಟ್ಯೂನರ್ ಸಿಕ್ಕಿಸಿಕೊಂಡು ಹೋದೆ. ಬೆಂಕಿಪೊಟ್ಟಣದಷ್ಟು ಇರುತ್ತದೆ, ಶ್ರುತಿ ಕೂಡಿದರೆ ಹಸಿರು ದೀಪ, ತಪ್ಪಿದರೆ ಕೆಂಪು. ಯಜಮಾನರು ಅದೇನು ಅಂತ ವಿಚಾರಿಸಿದರು. ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುತ್ತದೆ, ಮನುಷ್ಯರ ಕಿವಿಗಿಂತ ಚುರುಕು ಅಂತ ನಾನು ಕೊಚ್ಚಿಕೊಂಡೆ. ಅವರು ಹತ್ತಿರ ಬಂದು ಕೂತರು. ಹಾರ್ಮೋನಿಯಂ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಒಂದು ‘ಸ’ ಎಳೆದರು. ಹಸಿರು. ಪಂಚಮಕ್ಕೆ ಹೋದರು. ಹಸಿರು. ಮೇಲಿನ ಷಡ್ಜಕ್ಕೆ ಹೋಗಿ ಅಲ್ಲೇ ನಿಂತರು. ದೀಪ ಅಲ್ಲಾಡದೆ ಹಸಿರಾಗೇ ಉರಿಯಿತು. ಎಪ್ಪತ್ತು ದಾಟಿದ ಗಂಟಲು, ಬೆಳಗಿನಿಂದ ಗದ್ದೆಯಲ್ಲಿ ಎತ್ತುಗಳನ್ನು ಕೂಗಿ ಬಂದ ಗಂಟಲು.

ಯಜಮಾನರು ಕಣ್ಣು ಬಿಟ್ಟು ದೀಪ ನೋಡಿದರು. “ಪರವಾಗಿಲ್ಲ, ನಿಮ್ಮ ಯಂತ್ರ ಸರಿ ಐತೆ. ಇಟ್ಕಳ್ರಿ” ಅಂದರು.

ಸ್ಪ್ಯಾನರ್ ತರೋ ಕಲಾವಿದ

ಹಾಗಾದರೆ ಆರ್ಕೆಸ್ಟ್ರಾ ಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಮಾಯಕೊಂಡದಲ್ಲಿ ಒಂದು ಗೃಹಪ್ರವೇಶದ ಕಾರ್ಯಕ್ರಮ ಬಂತು. ಅಂಗಡಿಯ ಸ್ಪ್ಯಾನರು ಗಿಟಾರಿನ ಚೀಲದಲ್ಲೇ ಉಳಿದಿತ್ತು. ನನ್ನ ಎರಡು ಬಾಳೂ ಒಂದೇ ಚೀಲದಲ್ಲಿ ನಡೆಯುವುದು.

ಮಧ್ಯಾಹ್ನ ಪಂಕ್ತಿ ಕೂತಿದೆ, ನೀರು ನಿಂತುಹೋಯಿತು. ಸಂಪಿನ ಮೋಟರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಆ ದನಿ ವೇದಿಕೆಯವರೆಗೂ ಬರುತ್ತಿತ್ತು. ನನ್ನ ಕೈ ಹಾಡಿನಲ್ಲಿತ್ತು, ಕಿವಿ ಸಂಪಿನಲ್ಲಿತ್ತು. ಕೊನೆಗೆ ತಡೆಯಲಾರದೆ ಮಿಂಚುವ ನೀಲಿ ಕೋಟಿನಲ್ಲೇ ಇಳಿದುಹೋಗಿ ನೋಡಿದೆ. ಮೋಟರಿನ ಒಳಗೆ ತಿರುಗುವ ಶಾಫ್ಟು ಬಿಗಿದುಕೊಂಡಿತ್ತು. ಬಿಚ್ಚಿ, ತಿರುವಿ, ಎಣ್ಣೆ ಬಿಟ್ಟು ಸ್ವಿಚ್ ಹಾಕಿದೆ. ನೀರು ಬಂತು.

ಅಷ್ಟು ಹೊತ್ತಿಗೆ ಆರ್ಕೆಸ್ಟ್ರಾ ಗಿಟಾರಿಲ್ಲದೆ ಐದು ಹಾಡು ಮುಗಿಸಿತ್ತು, ಒಬ್ಬರಿಗೂ ಗೊತ್ತಾಗಿರಲಿಲ್ಲ. ನಾನು ವಾಪಸ್ಸು ವೇದಿಕೆ ಹತ್ತಿದಾಗ ಇಡೀ ಪಂಕ್ತಿ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿತು. ಹದಿನೈದು ವರ್ಷ ಗಿಟಾರು ಬಾರಿಸಿ ಅಂಥ ಚಪ್ಪಾಳೆ ನಾನು ಕಂಡಿರಲಿಲ್ಲ. ಇಂಥ ಜನರನ್ನು ಹೇಗೆ ಬಿಡಲಿ ಅಂದುಕೊಂಡೆ.

ಮುಂದಿನ ತಿಂಗಳು ಅದೇ ಮನೆಯವರು ನಾಮಕರಣಕ್ಕೆ ಫೋನು ಮಾಡಿದರು. ಈ ಸಲ ಸಣ್ಣದಾಗಿ ಮಾಡ್ತಿದೀವಿ, ಹಾಡೋರು ಬ್ಯಾಡ, ನೀವೊಬ್ರೇ ಬಂದರೆ ಸಾಕು ಅಂದರು. ನಾನು ಉಬ್ಬಿಹೋಗಿ ಯಾವ ಗಿಟಾರು ತರಲಿ ಅಂತ ಕೇಳಿದೆ.

“ಗಿಟಾರು ಯಾಕ ಹೊತ್ಕಂಡು ಬರ್ತೀರಿ? ಸ್ಪ್ಯಾನರ್ ತನ್ನಿ” ಅಂದರು.

ಅರ್ಧ ಗಂಟೆ

ಇನ್ನುಳಿದದ್ದು ಹಲ್ಲಿನ ಡಾಕ್ಟರುಗಳ ಬ್ಯಾಂಡು. ಅವರಿಗೂ ನನಗೂ ಹದಿನೆಂಟು ವರ್ಷದ ಅಂತರ. ಬಿಟ್ಟರೆ ಅವರಿಗೇನೂ ನಷ್ಟವಿಲ್ಲ ಅಂದುಕೊಂಡು ಹೇಳಲು ಹೋದೆ. ಹೋದ ದಿನವೇ ನನ್ನ ಗಿಟಾರಿನ ಕುತ್ತಿಗೆಯ ಮೇಲೆ ತಂತಿ ಕೂರುವ ಬಿಳಿ ಪಟ್ಟಿ ಮುರಿಯಿತು. ದಾವಣಗೆರೆಯಲ್ಲಿ ಅದನ್ನು ಸರಿಮಾಡುವವರು ಸಿಗುವುದು ಕಷ್ಟ.

ನಾಲ್ವರೂ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರು. ಒಬ್ಬ ಟಾರ್ಚ್ ಹಿಡಿದ, ಒಬ್ಬ ಹತ್ತಿ ಹಿಡಿದ. ಬ್ಯಾಂಡಿನಲ್ಲಿ ಡ್ರಮ್ಮು ಬಡಿಯುವವನು ಹಲ್ಲಿನ ಸಿಮೆಂಟು ಕಲಸಿ, ಸೂಜಿಯಂಥ ಆಯುಧದಲ್ಲಿ ತುಂಬಿ, ತಂತಿಗೊಂದು ಗೀರಿನಂತೆ ಆರು ಗೀರು ಕೊರೆದ. ಡ್ರಮ್ಮನ್ನು ಒಡೆದೇಬಿಡುತ್ತಾನೇನೋ ಅನ್ನುವಂತೆ ಬಡಿಯುವ ಕೈ ಅದು. ಆ ಹೊತ್ತಿನಲ್ಲಿ ಅದರ ನಯ ನೋಡಿ, ಬಿಡುತ್ತೇನೆ ಅಂತ ಹೇಳಲು ಬಂದದ್ದನ್ನೇ ಮರೆತೆ. ಆ ಪಟ್ಟಿ ಇವತ್ತಿಗೂ ಅಲ್ಲಾಡಿಲ್ಲ.

ಎಲ್ಲ ಮುಗಿಸಿ, ಕೈಗವಸು ತೆಗೆಯುತ್ತ, ಅವನು ಗಿಟಾರಿಗೇ ಹೇಳಿದ: “ಅರ್ಧ ಗಂಟೆ ಏನೂ ತಿನ್ನಬ್ಯಾಡ್ರಿ.”

ನಾಲ್ಕನೆಯವನು

ಯುಗಾದಿಗೆ ಎರಡೇ ವಾರ ಉಳಿದಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದೊಂದು ಬ್ಯಾಂಡಿಗೆ ಒಂದೊಂದು ಬಣ್ಣದ ಗುರುತು ಹಾಕುತ್ತೇನೆ. ಒಂದು ಗುರುವಾರದ ಚೌಕದಲ್ಲಿ ಮೂರು ಬಣ್ಣವೂ ಬಿದ್ದಿದ್ದವು. ಯಜಮಾನರು ಮೊಮ್ಮಗಳ ಮದುವೆ ಅಂದಿದ್ದರು, ಡ್ರಮ್ಮಿನ ಡಾಕ್ಟರು ತನ್ನ ಮದುವೆ ಅಂದಿದ್ದ, ಆರ್ಕೆಸ್ಟ್ರಾದವರು ಹರಿಹರದಲ್ಲೊಂದು ಕಾರ್ಯಕ್ರಮ ಅಂದಿದ್ದರು. ನಾನು ಮೂವರಿಗೂ ಹೂಂ ಅಂದಿದ್ದೆ. ಇಬ್ಬರಿಗೆ ಮುಖ ತೋರಿಸಲಾಗದಂತಾಯಿತು ಅಂತ ತಲೆ ಹಿಡಿದು ಕೂತೆ.

ಹೆಂಡತಿ ಬಂದು, ನಾನು ಬಿಚ್ಚಿಯೂ ನೋಡದ ಮೂರು ಕಡೆಯ ಆಮಂತ್ರಣವನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. “ಮಂಟಪ ಒಂದೇ ಅಲ್ಲೇನ್ರಿ? ಹುಡುಗ ಹುಡುಗಿನೂ ಅವ್ರೇ” ಅಂದಳು. ಡಾಕ್ಟರು ಯಜಮಾನರ ಮೊಮ್ಮಗಳನ್ನೇ ಮದುವೆಯಾಗುತ್ತಿದ್ದ. ಆರ್ಕೆಸ್ಟ್ರಾ ಗೊತ್ತುಮಾಡಿದ್ದು ಅವನ ಅಪ್ಪ.

ಬೆಳಿಗ್ಗೆ ಮುಹೂರ್ತಕ್ಕೆ ಮುಂಚೆ ಭಜನೆ: ಬಿಳಿ ಜುಬ್ಬ, ಟೋಪಿ, ಹಣೆ ತುಂಬ ವಿಭೂತಿ. ಊಟದ ಹೊತ್ತಿಗೆ ಆರ್ಕೆಸ್ಟ್ರಾ: ನೀಲಿ ಕೋಟು, ಕಪ್ಪು ಕನ್ನಡಕ. ನಾಲ್ಕು ಗಂಟೆಗೆ ರಾಕ್: ಕಪ್ಪು ಅಂಗಿ, ತಲೆಗೊಂದು ಬಟ್ಟೆ. ಪರದೆಯ ಹಿಂದೆ ಪ್ರತಿ ಸಲವೂ ಮುಂದಿನ ಬಟ್ಟೆ ಹಿಡಿದು ನಿಂತವಳು ಹೆಂಡತಿ. ಎರಡು ಬ್ಯಾಂಡು ಬಿಡಿ ಅಂದವಳೇ ವಿಭೂತಿ ಒರೆಸಿ, ಗುಂಡಿ ಹಾಕಿ, ಬೆನ್ನು ತಟ್ಟಿ ಕಳಿಸಿದಳು. ಆ ದಿನ ಅಷ್ಟೊಂದು ಸಂಗೀತವಾಯಿತು. ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಅವಳು.

ಎಲ್ಲ ಮುಗಿದು ಹೊರಟಾಗ ಮದುಮಗಳ ಅಜ್ಜಿ ಕರೆದರು. ಯಜಮಾನರ ಹೆಂಡತಿ ಅವರು. ಬೆಳಗಿನಿಂದ ಮುಂದಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

“ನೀವು ಮೂರು ಮಂದಿ ಅಣ್ಣತಮ್ಮಂದಿರೂ ಇದನ್ನೇ ಬಾರಿಸ್ತೀರೇನಪ್ಪ? ಬೆಳಗ್ಗೆ ಬಂದಿದ್ದೋನು ದೇವ್ರಂಥ ಮನುಷ್ಯ. ಊಟದ ಹೊತ್ತಿನೋನು ಬರೀ ಶೋಕಿ. ನೀನು ಕಡೇಯೋನಿರ್ಬೇಕು, ಮುದ್ದು ಮಾಡಿ ಕೆಡಿಸ್ಯಾರೆ” ಅಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, “ಇವ್ರಾಗೆ ನೀನು ಯಾರ ಹೆಂಡ್ತಿ ತಾಯಿ?” ಅಂತ ಕೇಳಿದರು.

ಹೆಂಡತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಯುಗಾದಿಯ ತೀರ್ಪು ಇಲ್ಲೇ ಬರುತ್ತದೆ ಅಂತ ತಲೆಯ ಬಟ್ಟೆ ಸರಿಮಾಡಿಕೊಂಡೆ.

“ಈ ಮೂವರಾಗೆ ಯಾರೂ ಅಲ್ರಿ ಅಜ್ಜಿ. ನಮ್ಮನೆಯವ್ರು ನಾಲ್ಕನೆಯವ್ರು. ಮೋಟರ್ ಕಟ್ತಾರೆ.”

“ಮದುವಿಗೆ ಬರ್ಲಿಲ್ಲೇನು?”

“ಅವ್ರು ಮನೆಯಾಗೇ ಕೈಗೆ ಸಿಗಂಗಿಲ್ರಿ.”

ಅಜ್ಜಿ ಲೊಚಗುಟ್ಟಿದರು. ಒಂದು ಕವರಿಗೆ ಲಾಡು ತುಂಬಿಸಿ ಅವಳ ಕೈಗಿಟ್ಟರು. “ಪಾಪ, ಇಷ್ಟು ಮಂದಿನ ದುಡಿದು ಸಾಕೋನು ಅವ್ನೊಬ್ನೇ. ಇದು ಅವ್ನಿಗೇ ಕೊಡು. ಇವ್ನ ಕೈಗೆ ಕೊಡಬ್ಯಾಡ.”

ಬಸ್ಸಿನಲ್ಲಿ ಎಷ್ಟು ಕೇಳಿದರೂ ಕೊಡಲಿಲ್ಲ. ಮನೆಗೆ ಬಂದು, ಅಂಗಡಿಯ ಎಣ್ಣೆ ಕಲೆಯ ಅಂಗಿ ಹಾಕಿಸಿ ಆಮೇಲೆ ಒಂದು ಲಾಡು ಕೊಟ್ಟಳು. ಯುಗಾದಿಯ ಮಾತು ಅವಳೇ ತೆಗೆದಳು: “ಆ ಮೂವರೂ ಎಲ್ಲಿಗಾದ್ರೂ ಹೋಗ್ಲಿ. ಈ ನಾಲ್ಕನೆಯವ್ರು ಮಾತ್ರ ಭಾನುವಾರ ಪೂರ್ತಿ ಮನೇಲಿರ್ಬೇಕು.”

ಅಂದಿನಿಂದ ಭಾನುವಾರ ಯಾವ ಬ್ಯಾಂಡಿಗೂ ಹೋಗಿಲ್ಲ. ಮೊನ್ನೆ ಮಗಳು ಮತ್ತೆ ‘ನನ್ನ ಕುಟುಂಬ’ ಬರೆದಳು. ಅಪ್ಪ ಇದ್ದಾನಾ ಅಂತ ಓಡಿಹೋಗಿ ನೋಡಿದೆ. ಇದ್ದೆ. ಗಿಟಾರನ್ನು ನೆಲದ ಮೇಲಿಟ್ಟು, ಮೊಳೆಗೆ ನನ್ನನ್ನೇ ನೇತುಹಾಕಿದ್ದಳು.