ಮೊಸರನ್ನ ಬಡಿಸಿ ಕೆಲಸ ಕಳೆದುಕೊಂಡವರ ಪರವಾಗಿ

ಗೆ,
ಶ್ರೀ ಯೋಗಾನಂದ ಅವರು,
ವ್ಯವಸ್ಥಾಪಕ ನಿರ್ದೇಶಕರು, ಅಂಬರಲೋಕ ಲಾಂಜ್ ಅಂಡ್ ಬ್ರೂಹೌಸ್,
(ಹಿಂದಿನ ಚಂದ್ರೋದಯ ಬಾರ್ ಅಂಡ್ ರೆಸ್ಟೋರೆಂಟ್ ಇದ್ದ ಕಟ್ಟಡ),
ಕಾಮಾಕ್ಷಿಪಾಳ್ಯ, ಬೆಂಗಳೂರು.

ವಿಷಯ: ತಮ್ಮ ಎದುರು ಒಂದು ತಟ್ಟೆ ಮೊಸರನ್ನ ಇಟ್ಟ ಅಪರಾಧಕ್ಕಾಗಿ ವಜಾಗೊಂಡಿರುವ ಸಪ್ಲೈಯರ್ ಕೊಟ್ರೇಶ್ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ.

ಮಾನ್ಯರೇ, ನಮ್ಮ ಬೀದಿಯ ಹಳೆಯ ಕತ್ತಲನ್ನು ನೀಲಿ ದೀಪಗಳಿಂದ ಹೊಡೆದೋಡಿಸಿದ ಮಹನೀಯರೇ,

ತಮಗೂ, ತಮ್ಮ ಪಾಲುದಾರರಿಗೂ, ತಮ್ಮ ಬಾಗಿಲಲ್ಲಿ ಕಪ್ಪು ಅಂಗಿ ತೊಟ್ಟು ನಿಂತು, ಬಂದವರ ಚಪ್ಪಲಿ ನೋಡಿ ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಇಬ್ಬರು ದಷ್ಟಪುಷ್ಟ ಮಹಾಶಯರಿಗೂ ಮೊದಲು ನನ್ನ ನಮಸ್ಕಾರಗಳು. ನನ್ನ ಹೆಸರು ಇಂದ್ರಮ್ಮ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಮೇಲಧಿಕಾರಿಗಳ ಸಹಿಗಾಗಿ ಸಾವಿರಾರು ಪತ್ರ ಬರೆದಿದ್ದೇನೆ. ನನ್ನದೇ ಸಹಿಗಾಗಿ ಬರೆಯುತ್ತಿರುವುದು ಇದು ಎರಡನೆಯದು. ಮೊದಲನೆಯದರಿಂದ ಏನು ಅನಾಹುತವಾಯಿತು ಎಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಮದ್ಯದ ಹನಿಯನ್ನೂ ನಾಲಿಗೆಗೆ ಸೋಕಿಸದ ಹೆಂಗಸು ಬಾರೊಂದು ಮುಚ್ಚಿದ್ದಕ್ಕೆ ಅಳುತ್ತಿದ್ದಾಳೆಂದು ತಮಗೆ ನಗು ಬಂದರೆ ಧಾರಾಳವಾಗಿ ನಗಿ. ಆದರೆ ಅಳುತ್ತಿರುವವಳು ನಾನೊಬ್ಬಳೇ ಅಲ್ಲ.

ತಮ್ಮ ಲಾಂಜನ್ನು ಹೊಗಳದೆ ಮುಂದುವರಿದರೆ ನನ್ನ ಪೆನ್ನಿಗೆ ಪಾಪ ತಟ್ಟೀತು. ಗೋಡೆಯ ಪ್ಲಾಸ್ಟರ್ ಕಿತ್ತು ಇಟ್ಟಿಗೆ ಕಾಣುವ ಹಾಗೆ ಮಾಡಿದ್ದೀರಿ; ನಮ್ಮ ಮನೆಯಲ್ಲಿ ಹಾಗೆ ಕಾಣಿಸಿದ್ದನ್ನು ಮುಚ್ಚುವುದಕ್ಕೆ ನಾವು ಎರಡು ವರ್ಷದಿಂದ ಮೇಸ್ತ್ರಿಯ ಹಿಂದೆ ತಿರುಗುತ್ತಿದ್ದೇವೆ. ಹರಿದ ರೆಕ್ಸಿನ್ ಸೀಟುಗಳನ್ನು ಗುಜರಿಗೆ ಹಾಕಿ, ಹೊಸ ಸೀಟುಗಳನ್ನು ಹಳೆಯವು ಎನ್ನಿಸುವಂತೆ ಹೊಲಿಸಿದ್ದೀರಿ. ಮೊದಲು ಸಣ್ಣ ಸ್ಟೀಲ್ ತಟ್ಟೆಯ ತುಂಬ ಕೇಳದೆಯೇ ಬರುತ್ತಿದ್ದ ಕಡಲೆಕಾಳು ಉಸಲಿ ಈಗ ಕಪ್ಪು ಕಲ್ಲಿನ ಮೇಲೆ ಕೂತು, ಓದಲಾಗದ ಹೆಸರಿಟ್ಟುಕೊಂಡು ಬರುತ್ತದಂತೆ. 'ಚಂದ್ರೋದಯ' ಎಂದು ಕೆಂಪಕ್ಷರದಲ್ಲಿ ಬರೆದಿದ್ದ ತಗಡಿನ ಬೋರ್ಡನ್ನು ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಗಾಜಿನ ಚೌಕಟ್ಟಿನೊಳಗಿಟ್ಟು, ಕೆಳಗೆ 'ನಮ್ಮ ಪರಂಪರೆ' ಎಂದು ಬರೆಸಿದ್ದೀರೆಂದೂ ಕೇಳಿದೆ. ಬದುಕಿದ್ದಾಗ ಒಂದು ಲೋಟ ನೀರು ಕೊಡದವರು ತಿಥಿಯ ದಿನ ಫೋಟೊಗೆ ಮಾರುದ್ದದ ಹಾರ ಹಾಕುವುದು ನಮ್ಮ ಕಡೆಯೂ ಉಂಟು, ಆದ್ದರಿಂದ ಇದರಲ್ಲಿ ಆಕ್ಷೇಪಿಸುವಂಥದ್ದು ನನಗೇನೂ ಕಾಣಲಿಲ್ಲ.

ಆ ಬೋರ್ಡಿನ ಕೆಳಗೆ ಏನು ನಡೆಯುತ್ತಿತ್ತು ಎಂಬುದನ್ನು ಮಾತ್ರ ತಮ್ಮ ಪರಂಪರೆಯ ಫಲಕದಲ್ಲಿ ಬರೆಸಿಲ್ಲವಾದ್ದರಿಂದ, ಆ ಕೊರತೆಯನ್ನು ಇಲ್ಲಿ ತುಂಬಿಕೊಡುತ್ತಿದ್ದೇನೆ. ಚಂದ್ರೋದಯದ ಮಾಲೀಕರಾದ ದೊಡ್ಡಣ್ಣನವರು ಕಟ್ಟಡದ ಪಕ್ಕದ ಗಲ್ಲಿಗೆ ಅಡುಗೆಮನೆಯಿಂದ ಒಂದು ಸಣ್ಣ ಬಾಗಿಲು ಇಡಿಸಿದ್ದರು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಗಿರಾಕಿಗಳಿಲ್ಲದಾಗ, ನಮ್ಮ ಸುತ್ತಮುತ್ತಲ ಮನೆಯ ಹೆಂಗಸರು ಆ ಬಾಗಿಲಿಗೆ ಹೋಗಿ ಕೊಟ್ರೇಶ್ ಅವರನ್ನು ಕರೆದು, ತಮ್ಮ ಮನೆಯವರಿಗೆ ದಿನಕ್ಕೆ ಎಷ್ಟು ಎಂದು ಹೇಳಿ ಬರುತ್ತಿದ್ದರು. ಇದಕ್ಕೆ ನಾವೆಲ್ಲ ಮನೆ ಅಳತೆ ಎನ್ನುತ್ತಿದ್ದೆವು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಅತ್ತೆಯೇ ನನ್ನನ್ನು ಆ ಬಾಗಿಲಿಗೆ ಕರೆದುಕೊಂಡು ಹೋಗಿ, ಅಲ್ಲಿಯವರೆಗೆ ತಾವು ಕಾಯುತ್ತಿದ್ದ ಮಗನ ಅಳತೆಯನ್ನು ನನಗೆ ವಹಿಸಿಕೊಟ್ಟರು. "ಎರಡು ಸಾಕು ಕಣಪ್ಪ ಇವನಿಗೆ, ಇನ್ಮೇಲೆ ಏನಿದ್ರೂ ಇವಳನ್ನ ಕೇಳು" ಎಂದರು. ಆಗಿನ್ನೂ ಕೂದಲು ಕಪ್ಪಗಿದ್ದ ಕೊಟ್ರೇಶ್ ಅವರು ಟವೆಲ್ಲನ್ನು ಹೆಗಲಿಂದ ಕೈಗೆ ತೆಗೆದುಕೊಂಡು, "ಆತ್ರೀ ಅಕ್ಕಾರೇ" ಎಂದರು. ಅಷ್ಟೇ.

ನನ್ನ ಯಜಮಾನರು, ರಾಜೇಂದ್ರ ಎಂದು ಅವರ ಹೆಸರು, ಇಲ್ಲೇ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತಾರೆ. ಸಂಜೆ ಕೈಗೆ ಹತ್ತಿದ ಆಯಿಲ್ಲನ್ನು ಸೋಪಿನ ಪುಡಿಯಲ್ಲಿ ಉಜ್ಜಿ ತೊಳೆದು ಚಂದ್ರೋದಯಕ್ಕೆ ಹೋಗುತ್ತಿದ್ದರು. ಎರಡನೆಯ ಗ್ಲಾಸು ಖಾಲಿಯಾಗುತ್ತಿದ್ದಂತೆ ಕೊಟ್ರೇಶ್ ಅವರು ಬಾಯಿಬಿಟ್ಟು ಬೇಡ ಎನ್ನುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಕೇಳದೆಯೇ ಒಂದು ತಟ್ಟೆ ಮೊಸರನ್ನ, ಅಂಚಿಗೆ ನಿಂಬೆಕಾಯಿ ಉಪ್ಪಿನಕಾಯಿ ತಂದು ಮುಂದೆ ಇಡುತ್ತಿದ್ದರು. ಮೊಸರನ್ನ ಬಂದರೆ ಅಂದಿನದು ಮುಗಿಯಿತು ಎಂದರ್ಥ. ಪಕ್ಕದ ಟೇಬಲ್ಲಿನವರು "ಮೊಸರನ್ನ ಬಂತು ಗುರು, ತಿಂದು ಎದ್ದೇಳು" ಎಂದು ಕಿಚಾಯಿಸುತ್ತಿದ್ದರೇ ಹೊರತು, ನಲವತ್ತು ವರ್ಷದಲ್ಲಿ ಆ ತಟ್ಟೆಯನ್ನು ಹಿಂದಕ್ಕೆ ತಳ್ಳಿದ ಗಂಡಸನ್ನು ಕಾಮಾಕ್ಷಿಪಾಳ್ಯ ಕಂಡಿಲ್ಲ. ಅಳತೆ ಕೊಟ್ಟವರು ಯಾರೆಂದು ಕೊಟ್ರೇಶ್ ಅವರು ಯಾವ ಗಂಡಸಿಗೂ ಹೇಳಿದವರಲ್ಲ. ಹೆಚ್ಚಿಸಬೇಕಾದರೂ ನಾವೇ ಹೋಗಬೇಕಿತ್ತು. ನನ್ನ ಮಗಳು ಮಾನಸಳ ಸೀಮಂತದ ದಿನ ನಾನೇ ಆ ಬಾಗಿಲಿಗೆ ಹೋಗಿ, ಇವತ್ತೊಂದು ದಿನ ಮೂರು ಎಂದು ಹೇಳಿ, ನಾಚಿಕೊಂಡು ಬಂದಿದ್ದೆ.

ಈಗ ನನ್ನ ಮೊದಲನೆಯ ಪತ್ರದ ವಿಚಾರ. ನಮ್ಮ ಬೀದಿಯ ತುದಿಯಲ್ಲಿ ಒಂದು ವೈನ್ ಶಾಪ್ ಇದೆ. ಅಲ್ಲಿ ಕೂರಲು ಜಾಗವಿಲ್ಲದ ಕಾರಣ ಕೊಂಡವರು ರಸ್ತೆಯಲ್ಲೇ ನಿಂತು, ನಮ್ಮ ಗೇಟುಗಳಿಗೆ ಒರಗಿ, ಪ್ಲಾಸ್ಟಿಕ್ ಲೋಟದಲ್ಲಿ ಕುಡಿದು, ಲೋಟವನ್ನು ನಮ್ಮ ರಂಗೋಲಿಯ ಮೇಲೇ ಬಿಟ್ಟು ಹೋಗುತ್ತಾರೆ. ಇದರ ವಿರುದ್ಧ ಮಹಿಳಾ ಸಂಘದವರು ದೂರು ಕೊಡಬೇಕೆಂದಾಗ, ಪತ್ರ ಬರೆಯಲು ಇಂದ್ರಮ್ಮನವರೇ ಸರಿ ಎಂದು ಪಕ್ಕದ ಮನೆಯ ಅಂಜಮ್ಮ ಎಲ್ಲರೆದುರು ಹೊಗಳಿಬಿಟ್ಟಳು. ಹೊಗಳಿಕೆ ತಲೆಗೇರಿತು. ಈ ಬೀದಿಯಲ್ಲಿ ಮದ್ಯ ಮಾರುವ ಎಲ್ಲ ಸ್ಥಳಗಳನ್ನೂ ಕಟ್ಟುನಿಟ್ಟಾಗಿ ತಪಾಸಣೆ ಮಾಡಿ, ಕಾಗದಪತ್ರ ಸರಿಯಿಲ್ಲದವನ್ನು ಮುಚ್ಚಿಸಬೇಕೆಂದು ಎರಡು ಪುಟ ಬರೆದು, ಅರವತ್ತು ಸಹಿ ಹಾಕಿಸಿ, ಏಳು ಕಡೆಗೆ ಪ್ರತಿ ಕಳುಹಿಸಿದೆ. ಮಾನ್ಯರೇ, ದೇವರಾಣೆಗೂ ಹೇಳುತ್ತೇನೆ, ಚಂದ್ರೋದಯವೂ ಮದ್ಯ ಮಾರುವ ಸ್ಥಳ ಎಂಬುದು ನನಗೆ ಹೊಳೆಯಲೇ ಇಲ್ಲ. ಸಹಿ ಹಾಕಿದ ಅರವತ್ತು ಹೆಂಗಸರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ನಮ್ಮ ಪಾಲಿಗೆ ಅದು ಕೊಟ್ರೇಶ್ ಇರುವ ಜಾಗವಾಗಿತ್ತು, ಅಷ್ಟೇ.

ಅಧಿಕಾರಿಗಳು ಬಂದರು. ವೈನ್ ಶಾಪಿನವನ ಕಾಗದಗಳು ಮದುಮಗನ ಪಂಚೆಯ ಹಾಗೆ ಗರಿಗರಿಯಾಗಿದ್ದವು, ಅವನು ಪಾಸಾದ. ಚಂದ್ರೋದಯಕ್ಕೆ ಬಂದಾಗ, ನಕ್ಷೆಯಲ್ಲಿ ಇಲ್ಲದ ಒಂದು ಬಾಗಿಲು ಗಲ್ಲಿಗೆ ತೆರೆದುಕೊಂಡಿರುವುದು ಅವರ ಕಣ್ಣಿಗೆ ಬಿತ್ತು. ಅದೇಕೆ ಇಟ್ಟಿದ್ದೀರಿ ಎಂದು ಕೇಳಿದಾಗ ದೊಡ್ಡಣ್ಣನವರು ನಮ್ಮ ಮಾನ ಕಾಯಲು ಬಾಯಿ ಬಿಡಲಿಲ್ಲ. ನೋಟಿಸಿನ ಮೇಲೆ ನೋಟಿಸು ಬಂದವು. ಎಪ್ಪತ್ತೆಂಟು ವರ್ಷದ ಆ ಮನುಷ್ಯ ಬೇಸತ್ತು, ಯುಗಾದಿಯ ಮರುವಾರ ಕಟ್ಟಡವನ್ನೂ ಲೈಸೆನ್ಸನ್ನೂ ತಮ್ಮ ಕಂಪನಿಗೆ ಒಪ್ಪಿಸಿ ಮನೆ ಸೇರಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ, ಅರವತ್ತು ಮೂಗು ಒಟ್ಟಿಗೆ ಕೊಯ್ದವಳು ನಾನು. ವೈನ್ ಶಾಪ್ ಮಾತ್ರ ಈಗಲೂ ಚೆನ್ನಾಗಿ ನಡೆಯುತ್ತಿದೆ.

ಚಂದ್ರೋದಯ ಮುಚ್ಚಿದರೆ ನಮ್ಮವರು ಕುಡಿಯುವುದನ್ನೇ ಬಿಟ್ಟಾರು ಎಂದು ಒಂದು ವಾರ ಆಸೆಪಟ್ಟೆ. ಎಂಟನೆಯ ದಿನ ಅವರು ವೈನ್ ಶಾಪಿನಿಂದ ಬಾಟಲಿ ತಂದು ಹಾಲಿನಲ್ಲಿ ಟಿ.ವಿ. ಮುಂದೆ ಕೂತರು. ಎರಡು ಆಯಿತು. ನಾನು ಅಡುಗೆಮನೆಗೆ ಓಡಿ, ಸಾಸಿವೆ ಇಂಗು ಹಾಕಿ ಒಗ್ಗರಣೆ ಕೊಟ್ಟು, ದಾಳಿಂಬೆ ಉದುರಿಸಿ, ಕೊಟ್ರೇಶ್ ಅವರ ಏಳೇಳು ಜನ್ಮದಲ್ಲೂ ಸಾಧ್ಯವಾಗದಂಥ ಮೊಸರನ್ನ ತಂದು ಮುಂದೆ ಇಟ್ಟೆ. ಪೂರ್ತಿ ತಿಂದರು, ಚೆನ್ನಾಗಿದೆ ಎಂದರು, ಮೂರನೆಯದನ್ನು ಬಗ್ಗಿಸಿಕೊಂಡರು. ನಾನು ಅತ್ತೆ. ಅದಕ್ಕೆ ಅವರು, ಕೋಪವಿಲ್ಲದೆ, ನನ್ನ ಮೇಲೆ ಕನಿಕರಪಟ್ಟ ಹಾಗೆ, "ನಿನ್ ಮೊಸರನ್ನಕ್ಕೆ ಆ ಪವರ್ ಇಲ್ಲ ಕಣೇ ಇಂದ್ರಾ" ಎಂದರು. ಈಗ ದಿನಕ್ಕೆ ಐದು, ಕೆಲವು ದಿನ ಆರು. ಕಳೆದ ತಿಂಗಳು ಕಾಲು ಊದಿಕೊಂಡಿತು. ಡಾಕ್ಟರು ರಿಪೋರ್ಟನ್ನು ನನ್ನ ಕಡೆ ತಿರುಗಿಸಿ, ಹೀಗೇ ಆದರೆ ಲಿವರ್ ಒಂದು ವರ್ಷ ತಡೆಯುವುದಿಲ್ಲ ಎಂದರು.

ಇಷ್ಟರಲ್ಲಿ ತಾವು ಶ್ರಾವಣದಲ್ಲಿ ಲಾಂಜ್ ತೆರೆದು, ಹಳಬರೆಂಬ ಕರುಣೆಯಿಂದ ಕೊಟ್ರೇಶ್ ಅವರನ್ನು ಕೆಲಸಕ್ಕೆ ಇಟ್ಟುಕೊಂಡಿರಿ. ಅದಕ್ಕಾಗಿ ತಮಗೆ ನಿಜವಾಗಿಯೂ ಕೈಮುಗಿಯುತ್ತೇನೆ. ಗಿರಾಕಿಯ ಗ್ಲಾಸಿನಲ್ಲಿ ಕಾಲುಭಾಗ ಉಳಿದಿರುವಾಗಲೇ "ರಿಪೀಟ್ ಮಾಡ್ಲಾ ಸಾರ್?" ಎಂದು ನಗುತ್ತ ಕೇಳಬೇಕೆಂದು ಅವರಿಗೆ ತರಬೇತಿ ಕೊಡಿಸಿದಿರಿ. ಅರವತ್ತರ ಹತ್ತಿರದ ಮನುಷ್ಯ ಬೋ ಟೈ ಕಟ್ಟಿಕೊಂಡು, ಕನ್ನಡಿಯ ಮುಂದೆ ನಿಂತು ರಿಪೀಟ್ ರಿಪೀಟ್ ಎಂದು ಉರು ಹೊಡೆದರು. ತರಬೇತಿಯ ಕೊನೆಯ ಸಂಜೆ ತಾವೇ ಗಿರಾಕಿಯಂತೆ ಕೂತು ಪರೀಕ್ಷೆ ಮಾಡಿದಿರಿ. ಮೊದಲ ಗ್ಲಾಸು ಬಂತು, ರಿಪೀಟ್ ಕೇಳಿದರು, ತಮಗೆ ಸಂತೋಷವಾಯಿತು. ಎರಡನೆಯದು ಖಾಲಿಯಾಯಿತು. ಹೂಡಿಕೆದಾರರೂ ಮ್ಯಾನೇಜರೂ ನೋಡುತ್ತಿದ್ದಂತೆ ಕೊಟ್ರೇಶ್ ಅವರು ಒಂದು ತಟ್ಟೆ ಮೊಸರನ್ನ ತಂದು ತಮ್ಮ ಮುಂದೆ ಇಟ್ಟು, "ಊಟ ಮಾಡ್ರೀ ಸಾಹೇಬ್ರೇ" ಎಂದರು. ಮೆನುವಿನಲ್ಲಿಲ್ಲದ ಪದಾರ್ಥವನ್ನು ಕೇಳದೆ ಬಡಿಸಿದ್ದು, ಮಾರಾಟಕ್ಕೆ ಅಡ್ಡಿಪಡಿಸಿದ್ದು ಎಂಬ ಎರಡು ಕಾರಣ ತೋರಿಸಿ ಅವರನ್ನು ಅಂದೇ ಮನೆಗೆ ಕಳುಹಿಸಿದ ತಮ್ಮ ಶೀಘ್ರ ನ್ಯಾಯಕ್ಕೆ ಯಾವ ಕೋರ್ಟೂ ಸಾಟಿಯಲ್ಲ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆಗಳು. ಗಿರಾಕಿಗಳು ಆರ್ಡರ್ ಮಾಡುವ ತಮ್ಮ ಆ್ಯಪಿನಲ್ಲಿ 'ಇನ್ನೊಂದು ಬೇಕೇ?' ಎಂಬ ಗುಂಡಿಯ ಪಕ್ಕದಲ್ಲೇ 'ಸಾಕು' ಎಂಬ ಗುಂಡಿಯನ್ನು ಇಡಿಸಿ, ಅದನ್ನು ಒತ್ತುವ ಅಧಿಕಾರವನ್ನು ಗಿರಾಕಿಯ ಹೆಂಡತಿಗೆ ಮಾತ್ರ ಕೊಡಬೇಕಾಗಿ ಕೋರುತ್ತೇನೆ. ಚಂದ್ರೋದಯದ ಹಳೆಯ ಗಿರಾಕಿಯೆಂದು ನಮ್ಮವರ ಮೊಬೈಲಿಗೆ ತಮ್ಮ ಕಂಪನಿ ವಾರಕ್ಕೆ ಮೂರು ಸಲ 'ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇವೆ' ಎಂದು ಮೆಸೇಜು ಕಳುಹಿಸುತ್ತಿದೆ. ಅಷ್ಟೊಂದು ಅಕ್ಕರೆ ಇರುವುದರಿಂದ, ಮುಂದಿನ ಸಲ ಡಾಕ್ಟರ ಬಳಿಗೆ ಟೋಕನ್ ಹಿಡಿದು ಕೂರಲು ತಮ್ಮಿಂದ ಯಾರಾದರೂ ಬರಬಹುದೇ? ಗಲ್ಲಿಯ ಆ ಬಾಗಿಲು ಇದ್ದ ಜಾಗದಲ್ಲಿ ತಾವು ನೆಟ್ಟಿರುವ ಪ್ಲಾಸ್ಟಿಕ್ ಬಿದಿರು ಬಹಳ ಸೊಗಸಾಗಿದೆ. ಮಧ್ಯಾಹ್ನ ಮೂರು ಗಂಟೆಗೆ ನಾವು ಅದರ ಮುಂದೆ ನಿಂತು ಹೇಳಿದ್ದನ್ನು ಅದು ಕೇಳಿಸಿಕೊಳ್ಳುವಂತೆ ತಾವು ಏರ್ಪಾಡು ಮಾಡಿದರೆ ಇನ್ನೂ ಸೊಗಸು.

ಇವು ಯಾವುವೂ ಆಗದಿದ್ದರೆ ಒಂದೇ ಒಂದನ್ನು ನಡೆಸಿಕೊಡಿ. ಇದನ್ನು ವ್ಯಂಗ್ಯವಾಗಿ ಬರೆಯುತ್ತಿಲ್ಲ. ಕೊಟ್ರೇಶ್ ಅವರನ್ನು ವಾಪಸ್ಸು ಕರೆಸಿಕೊಳ್ಳಿ. ಇದ್ದುದರಲ್ಲಿ ಅತ್ಯಂತ ಕತ್ತಲೆಯ ಮೂಲೆಯಲ್ಲಿ ಚಪ್ಪಲಿ ಹಾಕಿಕೊಂಡು ಬರುವವರಿಗೆಂದು ಒಂದೆರಡು ಟೇಬಲ್ ಬಿಟ್ಟುಕೊಡಿ. ಕಳೆದ ಸೋಮವಾರ ನಾನು ಬಾಪೂಜಿ ನಗರದಲ್ಲಿರುವ ಅವರ ಬಾಡಿಗೆ ಕೋಣೆಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡೆ. ಮಾರನೆಯ ಸಂಜೆ ಅವರು ನಮ್ಮ ಮನೆಗೆ ಬಂದರು. ನಮ್ಮವರು ಆಗಲೇ ಎರಡು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದರು. ಕೊಟ್ರೇಶ್ ಅವರು ನೇರವಾಗಿ ಅಡುಗೆಮನೆಗೆ ಹೋಗಿ, ಬೆಳಗಿನ ತಂಗಳನ್ನಕ್ಕೆ ಮೊಸರು ಕಲೆಸಿ, ಒಗ್ಗರಣೆಯೂ ಇಲ್ಲದ ಆ ತಟ್ಟೆಯನ್ನು ತಂದಿಟ್ಟರು. ನಮ್ಮವರು ಅವರ ಮುಖ ನೋಡಿದರು. ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿ, ಊಟ ಮಾಡಿ, ಎದ್ದು ಕೈತೊಳೆದರು. ಆರು ತಿಂಗಳಾದ ಮೇಲೆ ಅಂದು ನನ್ನ ಮನೆಯಲ್ಲಿ ಎರಡಕ್ಕೆ ನಿಂತಿತು. ಆದರೆ ಕೆಲಸವಿಲ್ಲದ ಮನುಷ್ಯ ಬೆಂಗಳೂರಿನಲ್ಲಿ ಎಷ್ಟು ದಿನ ಇದ್ದಾರು? ಬರುವ ಭಾನುವಾರ ಕೊಟ್ಟೂರಿಗೆ ಹೊರಟಿದ್ದಾರೆ, ಟಿಕೆಟ್ ಆಗಿದೆ. ಸೋಮವಾರದಿಂದ ನನ್ನ ಗಂಡನಿಗೆ ಸಾಕು ಎನ್ನುವವರು ಯಾರೂ ಇಲ್ಲ. ನನಗೆ ಭಯವಾಗಿದೆ.

ಅರವತ್ತು ಸಹಿಯ ಪತ್ರಕ್ಕೆ ಒಂದು ಬಾರು ಮುಚ್ಚಿಸುವ ಶಕ್ತಿಯಿತ್ತು. ಒಂದು ಸಹಿಯ ಈ ಪತ್ರಕ್ಕೆ ಒಬ್ಬ ಮನುಷ್ಯನನ್ನು ಉಳಿಸಿಕೊಳ್ಳುವಷ್ಟಾದರೂ ಇರಲೆಂದು ಹಾರೈಸುತ್ತ,

ಬೇರೆ ದಾರಿಯಿಲ್ಲದೆ ತಮ್ಮ ಮೇಲೆ ವಿಶ್ವಾಸವಿಟ್ಟಿರುವ
ತಮ್ಮ ವಿಶ್ವಾಸಿ,
ಇಂದ್ರಮ್ಮ

ಮರೆತಿದ್ದ ಮಾತು: ಮೊನ್ನೆ ನಂದಿನಿ ಲೇಔಟಿನಿಂದ ಒಬ್ಬ ಹಿರಿಯ ಹೆಂಗಸು ಆಟೋದಲ್ಲಿ ಬಂದು, ಕೊಟ್ರೇಶ್ ಎಲ್ಲಿ ಸಿಗುತ್ತಾರೆಂದು ಮನೆಮನೆ ಕೇಳುತ್ತ ನಮ್ಮ ಮನೆಗೂ ಬಂದಿದ್ದರು. ಹೆಸರು ಮುನಿಲಕ್ಷ್ಮಮ್ಮ, ತಮ್ಮ ತಾಯಿ. ತೀರಿಹೋದ ತಮ್ಮ ತಂದೆಯವರ ಅಳತೆಯನ್ನೂ ಚಂದ್ರೋದಯದಲ್ಲಿ ಕೊಟ್ರೇಶ್ ಅವರೇ ಕಾಯುತ್ತಿದ್ದರಂತೆ. ಕೊಟ್ರೇಶ್ ಅವರು ತಮ್ಮ ಲಾಂಜಿನಲ್ಲಿ ಕೆಲಸಕ್ಕೆ ಸೇರಿದ್ದು ತಿಳಿದೊಡನೆ ಇವರು ಹುಡುಕಿಕೊಂಡು ಹೋಗಿ ಮಗನ, ಅಂದರೆ ತಮ್ಮ, ಅಳತೆ ಹೇಳಿ ಬಂದಿದ್ದರು. "ನನ್ನ ಮಾತು ಕೇಳಲ್ಲ ಕಣಮ್ಮ ಅವನು" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ಅವರು ಹೇಳಿದ್ದ ಅಳತೆ ಒಂದು. ಎರಡನೆಯದನ್ನು ಕೊಟ್ರೇಶ್ ಅವರು ತಾವು ಮಾಲೀಕರೆಂಬ ಮರ್ಯಾದೆಗೆ ಕೊಟ್ಟಿದ್ದು.