ತೆರೆಯದೆ ಉಳಿದ ಗಾಜಿನ ಬಾಗಿಲಿಗೆ

ಮಾನ್ಯ ಬಾಗಿಲಿನವರೇ,

ತಮ್ಮ ಎರಡೂ ಕದಗಳು ಹಳಿಯ ಮೇಲೆ ಸುಸೂತ್ರವಾಗಿ ಜಾರುತ್ತಿವೆಯೆಂದು ನಂಬಿ, ಎದುರು ಏನಾದರೂ ಅಲುಗಿದರೆ ತಾನಾಗಿಯೇ ತೆರೆದುಕೊಳ್ಳುತ್ತಾ ನಮ್ಮ ಬೀದಿಯ ಅತಿ ದೊಡ್ಡ ಅಂಗಡಿಯನ್ನು ಕಾಯುವ ತಮಗೆ, ಈವರೆಗೆ ತಮ್ಮ ಕಣ್ಣಿಗೇ ಬೀಳದ ಗ್ರಾಹಕಳೊಬ್ಬಳ ನಮಸ್ಕಾರಗಳು.

ಇಂದು ಬೆಳಿಗ್ಗೆ ನಾನು ತಮ್ಮೆದುರು ನಿಂತಿದ್ದಾಗ, ಗಾಳಿಗೆ ಉರುಳಿ ಬಂದ ಖಾಲಿ ಪ್ಲಾಸ್ಟಿಕ್ ಚೀಲವೊಂದಕ್ಕೆ ತಾವು ಎರಡೂ ಕದ ಸರಿಸಿ ಸ್ವಾಗತ ಕೋರಿದಿರಿ. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಮುಚ್ಚಿಕೊಂಡಿರಿ. ಸಾಹಿತ್ಯದಲ್ಲಿ ಪದವಿ ಪಡೆದ ನನಗಿಂತ ಚೀಲಕ್ಕೆ ಹೆಚ್ಚು ಚಲನಶೀಲತೆ ಇದೆಯೆಂಬ ತಮ್ಮ ತೀರ್ಪನ್ನು ನಮ್ಮ ಬಂಧುಗಳೂ ಅನುಮೋದಿಸುತ್ತಾರೆ. ಅಷ್ಟರಲ್ಲಿ ಹಿಂದಿನಿಂದ ಬಂದ ಅಜ್ಜಿಯೊಬ್ಬರು, “ಕೈ ಬೀಸಮ್ಮ, ಕಂಬದ ಹಾಗೆ ನಿಂತ್ರೆ ಅದಕ್ಕೆ ಹೇಗೆ ಗೊತ್ತಾಗತ್ತೆ?” ಎಂದು ಸ್ವತಃ ಕೈ ಬೀಸಿ ಒಳಗೆ ನಡೆದರು. ಅವರ ಹಿಂದೆಯೇ ನುಸುಳಬಹುದಿತ್ತು. ಆದರೆ ಅವರ ಹಿಂದಿನವರಿಗೆ, ಅವರ ಹಿಂದಿನವರಿಗೆ ದಾರಿ ಬಿಡುತ್ತಾ ನಾನು ಹೊರಗೇ ಉಳಿದೆ.

ತಮ್ಮ ಔದಾರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಕ್ರಿಸ್‌ಮಸ್ ಮುಗಿದು ಅರ್ಧ ಬೆಲೆಯ ಮಾರಾಟ ಶುರುವಾದಾಗಿನಿಂದ ನಮ್ಮ ಅಮ್ಮನನ್ನು ಕಂಡು ತಾವು ಒಮ್ಮೆಯೂ ಮುಖ ತಿರುಗಿಸಿಲ್ಲ. ಆ ಕೃಪೆಯಿಂದ ನಮ್ಮ ಮನೆಗೆ ಕಾಲು ಒತ್ತುವ ಯಂತ್ರ, ಮೊಟ್ಟೆ ಬೇಯಿಸುವ ಯಂತ್ರ, ಮುಂದಿನ ಕ್ರಿಸ್‌ಮಸ್‌ಗೆಂದು ಈಗಲೇ ಕೊಂಡ ದೀಪದ ಸರಗಳು, ಮತ್ತು ಏನೆಂದು ಯಾರಿಗೂ ತಿಳಿಯದ, ಆದರೆ ಮುಕ್ಕಾಲು ಪಾಲು ಬೆಲೆ ಇಳಿಸಿದ್ದ ಒಂದು ವಸ್ತು ಬಂದಿವೆ. ಅವೆಲ್ಲ ಕಿಟಕಿಯ ಬಳಿ ನಾನು ಓದಿ ಬರೆಯುವ ಮೇಜಿನ ಮೇಲೆ ಬೀಡುಬಿಟ್ಟಿವೆ. ನಿನ್ನೆ ಅಮ್ಮ, “ಇಷ್ಟೊಂದು ಸಾಮಾನು ಇಡೋಕೆ ಒಂದು ಬೀರು ಬೇಡ್ವೇನೇ? ಅದೂ ಅರ್ಧ ಬೆಲೆಗಿದೆ. ಆ ಹಳೇ ಮೇಜು ತೆಗೆದುಹಾಕಿದ್ರೆ ಅಲ್ಲೇ ಕೂರತ್ತೆ” ಎಂದರು. ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ, “ಬೀರು ಇಡೋಕೆ ಇನ್ನೊಂದು ಮನೆ ಅರ್ಧ ಬೆಲೆಗೆ ಸಿಗತ್ತಾ ಕೇಳು” ಎಂದರು. ನಾನು, ಎಂದಿನಂತೆ, ಏನೂ ಹೇಳಲಿಲ್ಲ. ಬೀರುವನ್ನು ಗೊತ್ತುಮಾಡಿ ಬರಲು ನನ್ನನ್ನೇ ಕಳಿಸಲಾಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳಿವೆ. ಒಳಬರುವವರ ಮನೆಯಲ್ಲಿ ಖಾಲಿ ಮೂಲೆ ಎಷ್ಟಿದೆಯೆಂದು ದಯವಿಟ್ಟು ಮೊದಲು ಅಳೆದು ನೋಡಿ, ಆಮೇಲೆ ತೆರೆದುಕೊಳ್ಳಿ. “ಸುಮ್ನೆ ನೋಡ್ಕೊಂಡು ಬರ್ತೀನಿ” ಎಂದು ಮನೆಯಿಂದ ಹೊರಟವರನ್ನು ನೋಟ ಮುಗಿದೊಡನೆ ಹೊರಗೆ ಕಳಿಸಿಕೊಡಿ. ಇದಾವುದೂ ಆಗದಿದ್ದರೆ, ಅಮ್ಮ ಬಂದಾಗಲೂ ನನಗೆ ತೋರಿದಷ್ಟೇ ಉದಾಸೀನ ತೋರಿದರೆ ಸಾಕು.

ಕೊನೆಗೊಂದು ನಿಜ ಹೇಳಿಬಿಡುತ್ತೇನೆ. ಅಜ್ಜಿ ಹೇಳಿಕೊಟ್ಟ ಮೇಲೆ ನಾನು ಕೈ ಬೀಸಬಹುದಿತ್ತು. ಬೀಸಲಿಲ್ಲ, ಮನೆಗೆ ಮರಳಿ “ಬಾಗಿಲು ತೆರೀಲಿಲ್ಲಮ್ಮ” ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಮಾರಾಟ ನಾಳೆ ಕೊನೆಯಂತೆ, ಅಮ್ಮ ಸ್ವತಃ ಬರುತ್ತಾರಂತೆ, ಮತ್ತು ತಾವು ಅವರಿಗೆ ತೆರೆದೇ ತೆರೆಯುತ್ತೀರಿ. ಹಾಗಾಗಿ ಯಂತ್ರಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, ತೆರವಾದ ಮೇಜಿನ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಅಮ್ಮ ಚಪ್ಪಲಿ ಮೆಟ್ಟುವ ಮೊದಲು, ಎಲ್ಲರಿಗೂ ಕೇಳುವಂತೆ, “ಮೇಜು ಎಲ್ಲಿಗೂ ಹೋಗಲ್ಲ” ಎಂದು ಹೇಳಲಿದ್ದೇನೆ.

ತಮ್ಮ ಕಣ್ಣಿಗೆ ಬೀಳದಿದ್ದರೂ
ತಮ್ಮ ವಿಶ್ವಾಸಿ,
ಮೇಜಿನ ಒಡತಿ

ತಾ.ಕ.: ತಾವು ಸ್ವಾಗತಿಸಿದ ಆ ಖಾಲಿ ಚೀಲ ಸ್ವಲ್ಪ ಹೊತ್ತಿನಲ್ಲೇ ಖಾಲಿಯಾಗಿಯೇ ಹೊರಬಂದದ್ದನ್ನು ಕಣ್ಣಾರೆ ಕಂಡೆ. ಈ ಮಾರಾಟದಲ್ಲಿ ತಮ್ಮನ್ನು ದಾಟಿದವರ ಪೈಕಿ ವಿವೇಕಿ ಅದೊಂದೇ ಇರಬೇಕು.